ಮಂಜಿನ ಮೇಲೆ ಹೊರಿಸಿದ ತಪ್ಪು

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಇಳಿಯುವ ರಸ್ತೆಯಲ್ಲಿ ಒಂದು ತಿರುವಿದೆ. ಈಗ ಅಲ್ಲಿ ಹಳದಿ ಫಲಕ ನೆಟ್ಟಿದ್ದಾರೆ: 'ಮಂಜು ಕವಿಯುವ ಸ್ಥಳ, ನಿಧಾನವಾಗಿ ಚಲಿಸಿ'. ಬಸ್ಸಿನವರ ಬಾಯಲ್ಲಿ ಅದು ಮಂಜಿನ ತಿರುವು. ಹೋದ ವರ್ಷ ಕಾರ್ತಿಕದಲ್ಲಿ ನಾನು ಆ ದಾರಿಯಲ್ಲಿ ಹೋಗುವಾಗ ಚಹಾಕ್ಕೆಂದು ಬಸ್ಸು ನಿಂತಿತು. ಅಂಗಡಿಯವನು ಇಬ್ಬನಿಗೆ ತೊಯ್ದ ಇದ್ದಿಲಿಗೆ ಬೆಂಕಿ ಹಿಡಿಸಲು ಒದ್ದಾಡುತ್ತಿದ್ದ. ಆ ಹಸಿ ಹೊಗೆಯ ವಾಸನೆ ಮೂಗಿಗೆ ಹತ್ತಿದ್ದೇ ನಾನು ಎದ್ದು ದೂರದ ಬೆಂಚಿಗೆ ಹೋಗಿ ಕೂತೆ. ಹೊಗೆ ತಾಳದೆ ಎದ್ದೆನೆಂದುಕೊಂಡ ಕಂಡಕ್ಟರ್ ಹುಡುಗ ಪಕ್ಕದಲ್ಲಿ ಬಂದು ಕೂತು ನನಗೆ ಕಥೆ ಹೇಳಿದ.

"ಅಜ್ಜ, ಮುಂದೆ ಒಂದು ತಿರುವು ಬರ್ತದೆ ನೋಡಿ. ಹಿಂದಿನ ಕಾಲದಲ್ಲಿ ಇದ್ದಿಲಿನ ಬಸ್ ಒಂದು ಮಂಜಲ್ಲಿ ದಾರಿ ಕಾಣದೆ ಅಲ್ಲೇ ಕೆಳಗೆ ಹೋಗಿತ್ತಂತೆ. ಅದಕ್ಕೇ ಆ ಹೆಸರು."

ಆ ಬಸ್ಸಿನ ಕಂಡಕ್ಟರ್ ನಾನು. ಹುಡುಗನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಚಹಾ ಕುಡಿದು ಸುಮ್ಮನೆ ಬಸ್ಸು ಹತ್ತಿದೆ. ಹಾಗಾಗಿ ಆ ಸುಳ್ಳನ್ನು ನಾನು ಎರಡನೆಯ ಸಲ ಹೇಳಿದಂತಾಯಿತು.

ಇದನ್ನು ಬರೆಯುತ್ತೇನೆಂದಾಗ ನನ್ನ ತಮ್ಮನ ಮಗ ನಕ್ಕ. "ದೊಡ್ಡಪ್ಪ, ಎಂಬತ್ತು ದಾಟಿದೆ ನಿಮಗೆ. ಆ ಬಸ್ಸು ಗುಜರಿಗೆ ಹೋಗಿ ಕರಗಿ ಯಾರ ಮನೆ ಕಿಟಕಿ ಸರಳಾಗಿದೆಯೋ. ಈಗ್ಯಾಕೆ ಕೆದಕ್ತೀರಿ?" ಕೆದಕದಿದ್ದರೆ ಇದ್ದಿಲು ಹೊಗೆ ಬಿಡುತ್ತದೆಯೇ ಹೊರತು ಉರಿಯುವುದಿಲ್ಲ ಮಗನೇ. ಅದನ್ನು ನಾನು ಇದ್ದಿಲಿನ ಬಸ್ಸಿನ ಗ್ಯಾಸ್ ಪ್ಲಾಂಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಿತವನು. ಕ್ಷಮೆ ಬೇಡಲು ನಾನು ಬರೆಯುತ್ತಿಲ್ಲ. ಕ್ಷಮಿಸಬೇಕಾದವರು ಈಗಿಲ್ಲ. ಉಳಿದವರ ಕ್ಷಮೆಯಿಂದ ನನಗೆ ಆಗಬೇಕಾದ್ದೂ ಇಲ್ಲ. ನಮ್ಮ ಬೆಟ್ಟಗಳ ಮಂಜಿನ ಮೇಲೆ ನಾನು ಹೊರಿಸಿದ ತಪ್ಪನ್ನು ಇಳಿಸಬೇಕು, ಅಷ್ಟೇ.

ಅದು ಯುದ್ಧದ ಕಾಲ. ಪೆಟ್ರೋಲು ಹೆಸರಿಗೆ ಮಾತ್ರ ಇತ್ತು. ಬಸ್ಸುಗಳ ಬೆನ್ನಿಗೆ ಗ್ಯಾಸ್ ಪ್ಲಾಂಟ್ ಎಂಬ ಹಂಡೆಯಂಥ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಶೃಂಗೇರಿಯಿಂದ ಬೆಳಿಗ್ಗೆ ಹೊರಟು ಕೊಪ್ಪ ಹಾದು ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್ ಆಗಿದ್ದೆ. ನರಸಿಂಹರಾಜಪುರ ಎನ್ನುವುದು ಟಿಕೆಟ್ಟಿನ ಮೇಲೆ. ಜನ ಹತ್ತುವಾಗ "ಯಡೇಹಳ್ಳಿಗೆ ಒಂದು ಕೊಡಿ" ಎಂದು ಹಳೆಯ ಹೆಸರನ್ನೇ ಹೇಳುತ್ತಿದ್ದರು. ನಮ್ಮೂರು ಅಡ್ಡಗದ್ದೆ. ಹೈಸ್ಕೂಲು ಮುಗಿಸಿದ್ದೆ. ಅಷ್ಟು ಓದಿದವರು ನಮ್ಮ ಕಡೆ ಆಗ ಬೆರಳೆಣಿಕೆ. ಹಾಗಾಗಿ ನನ್ನ ತಲೆ ನನ್ನ ಕುತ್ತಿಗೆಗಿಂತ ಸ್ವಲ್ಪ ಮೇಲೆಯೇ ಇರುತ್ತಿತ್ತು.

ಡ್ರೈವರ್ ಚನ್ನವೀರಪ್ಪನವರು. ಬಾಳೆಹೊನ್ನೂರಿನ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಖಾಕಿ ಕೋಟು, ಮಾತಿನಲ್ಲಿ ಕುಟುಕು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ಕಡಿಮೆ. "ಭಟ್ರ ಮಾಣಿ" ಎನ್ನುತ್ತಿದ್ದರು. ನಮ್ಮ ಮನೆಯ ಮಾತನ್ನು ಅಣಕಿಸಿ, "ಎಂತ, ಇವತ್ತು ಬತ್ತೆಯೋ, ಕಂಬ್ಳಿ ಒಳಗೇ ಇರ್ತೆಯೋ?" ಎಂದು ಬೆಳಿಗ್ಗೆ ಶೃಂಗೇರಿಯ ನನ್ನ ಬಾಡಿಗೆ ಕೋಣೆಯ ಬಾಗಿಲು ಬಡಿಯುತ್ತಿದ್ದರು.

ಬಸ್ಸು ಎಂದರೆ ಈಗಿನವರು ಕೀಲಿ ತಿರುಗಿಸಿದರೆ ಹೊರಡುವುದು ಎಂದುಕೊಳ್ಳುತ್ತಾರೆ. ಆಗ ಬಸ್ಸನ್ನು ಹಸು ಕರೆದ ಹಾಗೆ ಒಲಿಸಿಕೊಳ್ಳಬೇಕಿತ್ತು. ಬೂದಿ ತೆಗೆದು, ಇದ್ದಿಲು ತುಂಬಿ, ಬೆಂಕಿ ಇಟ್ಟು, ಗಾಳಿ ಊದುವ ಬ್ಲೋವರಿನ ಹಿಡಿ ತಿರುಗಿಸುತ್ತಾ ಕೂರಬೇಕು. ಮಳೆಗಾಲಕ್ಕಿಂತ ಕಾರ್ತಿಕದ್ದೇ ಹೆಚ್ಚು ಕಷ್ಟ. ಮಳೆಗಾಲದಲ್ಲಿ ಇದ್ದಿಲು ಒದ್ದೆಯಾಗುತ್ತದೆಂದು ಎಲ್ಲರೂ ಹುಷಾರಾಗಿರುತ್ತಾರೆ. ದೀಪಾವಳಿ ಕಳೆದು ಆಕಾಶ ತೊಳೆದಿಟ್ಟ ಹಾಗೆ ಆದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆಕಾಶ ತೆರೆದಷ್ಟೂ ಇಬ್ಬನಿ ಹೆಚ್ಚು. ಮುಚ್ಚಿಟ್ಟ ಗೋಣಿಯ ಒಳಗೂ ಅದು ಹೋಗಿ ಕೂರುತ್ತಿತ್ತು. ಕೊನೆಗೆ ಇದ್ದಿಲಿನ ಮೂಟೆಗಳನ್ನು ನಾನು ನನ್ನ ಮಂಚದ ಕೆಳಗೇ ಇಟ್ಟುಕೊಂಡೆ. ಏರು ಬಂದರೆ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. "ಏರಿಗೆ ನಾವು ಬಸ್ಸನ್ನ ಹೊರ್ತೀವಿ, ಇಳಿಜಾರಿಗೆ ಬಸ್ಸು ನಮ್ಮನ್ನ ಹೊರ್ತದೆ, ಮತ್ತೆ ಟಿಕೇಟು ಯಾಕಯ್ಯ?" ಎಂದು ಒಬ್ಬ ಅಡಿಕೆ ವ್ಯಾಪಾರಿ ದಿನಾ ಕೇಳುತ್ತಿದ್ದ. ಚನ್ನವೀರಪ್ಪನವರು ದಿನಾ ಒಂದೇ ಉತ್ತರ ಕೊಡುತ್ತಿದ್ದರು: "ಟಿಕೇಟು ನಿಮ್ಗಲ್ಲ ಸಾವ್ಕಾರ್ರೆ, ನಿಮ್ ಹೊಟ್ಟೆಗೆ."

ಈಗ ಮಂಜಿನ ವಿಷಯ. ಮಳೆಗಾಲದ ಮಂಜು ಓಡಾಡುವ ಮಂಜು. ಗಾಳಿಯ ಜೊತೆ ಬರುತ್ತದೆ, ಕಣಿವೆ ಹತ್ತುತ್ತದೆ, ಹೋಗುತ್ತದೆ. ಚಳಿಗಾಲದ ಮೊದಲಿನದು ಕೂರುವ ಮಂಜು. ಮೂಡುಗಾಳಿ ಹಗಲೆಲ್ಲ ಬೀಸಿ ತುಟಿ ಒಡೆಸಿ, ಕತ್ತಲಾದ ಮೇಲೆ ನಿಲ್ಲುತ್ತದೆ. ಆಗ ತಣ್ಣಗಾದ ಗದ್ದೆಗಳಿಂದ, ಹೊಳೆಯಿಂದ ಮಂಜು ಎದ್ದು ಕಣಿವೆಯಲ್ಲಿ ಕೂರುತ್ತದೆ. ಬೆಳಗಾದರೂ ಏಳುವುದಿಲ್ಲ. ಬಸ್ಸು ದಿಬ್ಬ ಹತ್ತಿದರೆ ಮೇಲೆ ಒಳ್ಳೆಯ ಎಳೆ ಬಿಸಿಲು, ಸುತ್ತಲೂ ಬೆಟ್ಟದ ತುದಿಗಳು ಮಾತ್ರ; ಕೆಳಗೆಲ್ಲ ಬಿಳಿ. ಮತ್ತೆ ಇಳಿದರೆ ಆ ಬಿಳಿಯೊಳಗೆ ಹೊಕ್ಕಂತೆ. ದೂರದ ದನದ ಗಂಟೆ ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಪಕ್ಕದಲ್ಲಿ ನಿಂತವನ ಮುಖ ಕಾಣುವುದಿಲ್ಲ. ಬಿಸಿಲು ಬಲಿತ ಮೇಲೆ ಅದು ಬುಡದಿಂದ ತೆಳುವಾಗುತ್ತಾ ಬಂದು ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಆ ಮಂಜು ಯಾರಿಗೂ ಮೋಸ ಮಾಡುವುದಿಲ್ಲ. ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂದು ದನ ಕಾಯುವವರಿಗೂ ಗೊತ್ತು.

ಆ ಇಳಿಜಾರುಗಳಲ್ಲಿ ನಮಗೊಂದು ಕ್ರಮವಿತ್ತು. ಹೊಗೆ ಹಿಡಿದ ಲೈಟು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಆದ್ದರಿಂದ ಕಂಡಕ್ಟರ್ ಬೆನ್ನಿನ ಮೇಲೆ ಬಿಳಿ ಪಂಚೆ ಹೊದ್ದು ಬಸ್ಸಿನ ಮುಂದೆ ನಡೆಯುತ್ತಿದ್ದ. ಆ ಬಿಳಿಯನ್ನೇ ನೋಡಿಕೊಂಡು ಬಸ್ಸು ಮನುಷ್ಯನ ನಡಿಗೆಯಲ್ಲಿ ಹಿಂದೆ ಬರುತ್ತಿತ್ತು. ತಿರುವು ಬಂದರೆ ಕಂಡಕ್ಟರ್ ರಸ್ತೆಯ ಹೊರ ಅಂಚಿಗೆ ಹೋಗಿ ನಿಲ್ಲಬೇಕು. ತಿರುಗಬೇಕಾದ ಕಡೆಯ ಕೈ ಎತ್ತಬೇಕು. ಬಸ್ಸು ಪೂರಾ ತಿರುಗುವ ತನಕ ಅಲ್ಲಾಡಬಾರದು.

ಚನ್ನವೀರಪ್ಪನವರು ಇದನ್ನು ನನಗೆ ಕಲಿಸಿದ ದಿನ ಹೇಳಿದ್ದರು: "ನೋಡು ಭಟ್ರ ಮಾಣಿ, ಮಂಜಲ್ಲಿ ನಾ ರಸ್ತೆ ನೋಡಲ್ಲ. ನಿನ್ನ ಬೆನ್ನು ನೋಡ್ತೀನಿ. ನನ್ನ ಕಣ್ಣು ನಿನ್ನ ಬೆನ್ನಲ್ಲಿದೆ. ಗೊತ್ತಾಯ್ತಾ?"

"ಗೊತ್ತಾಯ್ತು ಚನ್ನವೀರಣ್ಣ."

"ಹಂಗಾದ್ರೆ ಬೆನ್ನು ತೊಳ್ಕಂಡು ಬಾ ದಿನಾ."

ಆ ಚಳಿಗಾಲ ಬಸ್ಸಿನ ಮಾಲೀಕರಾದ ಸಾಹುಕಾರರು ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕೆಂದು ತಾಕೀತು ಮಾಡಿದ್ದರು. ಮಂಜು ಏಳುವ ತನಕ ಕಾಯೋಣ ಎಂದು ಹೇಳಿ ನೋಡಿದ್ದು ಚನ್ನವೀರಪ್ಪನವರೇ. "ಮಂಜಿಗೆ ಹೆದ್ರೋನು ಎತ್ತಿನಗಾಡಿ ಹೊಡೀಲಿ" ಎಂದರಂತೆ ಸಾಹುಕಾರರು. ಇವರು ನಗುತ್ತಾ ನನಗೆ ಹೇಳಿದರು: "ಹೆದ್ರಿಕೆ ಅಲ್ಲ ಮಾರಾಯ, ಮರ್ಯಾದೆ. ಮಂಜು ದೊಡ್ಡೋರು. ಮುಂಚೆ ಬಂದು ಕೂತಿದ್ದಾರೆ. ಕೇಳ್ಕಂಡು ಹೋಗ್ಬೇಕು."

ಆ ದಿನ ಕೊಪ್ಪದಲ್ಲಿ ಒಬ್ಬರು ಹತ್ತಿದರು. ಶಾಲು, ಬೆಳ್ಳಿಯ ನಶ್ಯದ ಡಬ್ಬಿ, ದೊಡ್ಡ ಗಂಟಲು. ನನ್ನ ಮದುವೆಗೆ ಮಾತುಕತೆ ನಡೆಯುತ್ತಿದ್ದ ಹುಡುಗಿಯ ಸೋದರಮಾವ ಅವರು. ನನ್ನನ್ನು ಕಂಡು ಬರಲೆಂದೇ ಹೊರಟಿದ್ದರೋ, ಯಡೇಹಳ್ಳಿಯಲ್ಲಿ ಬೇರೆ ಕೆಲಸವಿತ್ತೋ ಕೇಳಲಿಲ್ಲ. ನಾನು ಅಂಗಿಯ ಕಾಲರು ಸರಿ ಮಾಡಿಕೊಂಡು, ಟಿಕೆಟ್ಟಿನ ಚೀಲ ಎದ್ದು ಕಾಣುವಂತೆ ನಿಂತೆ. ಅಷ್ಟರಲ್ಲಿ ಊರು ದಾಟಿ ಇಳಿಜಾರು ಸುರುವಾಯಿತು. ಮಂಜು ಬಂತು. "ಮಾಣಿ, ಇಳಿ" ಎಂದರು ಚನ್ನವೀರಪ್ಪ. ನಾನು ಪಂಚೆ ಹೊದ್ದು ಮುಂದೆ ನಡೆದೆ.

ಹಳ್ಳದ ಹತ್ತಿರ ಬಸ್ಸು ನಿಂತಿತು. ಕೆಂಡ ಕೆದಕಿ, ಎಂಜಿನ್ನಿಗೆ ನೀರು ಹೊಯ್ಯುವ ಜಾಗ ಅದು. ಜನ ಕೈಕಾಲು ಆಡಿಸಲು ಇಳಿದರು. ಸೋದರಮಾವ ನನ್ನ ಬಳಿ ಬಂದು ನಶ್ಯ ಏರಿಸಿದರು.

"ಎಂತ ಅಪ್ಪಿ, ಹೈಸ್ಕೂಲು ಮುಗಿಸಿದ ಮಾಣಿ ಅಂತ ನಮಗೆ ಹೇಳಿದ್ರು. ನೀನು ನೋಡಿದ್ರೆ ಬಸ್ಸಿನ ಮುಂದೆ ಜೋಡೆತ್ತಲ್ಲಿ ಒಂದರ ಹಾಗೆ ನಡೀತಿದ್ದೆ!"

ಸುತ್ತ ನಿಂತವರು ನಕ್ಕರು. "ಇನ್ನೊಂದೆತ್ತು ಎಲ್ಲಿ?" ಎಂದ ಅಡಿಕೆ ವ್ಯಾಪಾರಿ. ಮತ್ತೂ ನಕ್ಕರು. ಅವರ ನಗೆಯಲ್ಲಿ ವಿಷವೇನೂ ಇರಲಿಲ್ಲ. ಚಳಿಗೆ ನಕ್ಕಿದ್ದು. ಆದರೆ ನನ್ನ ಕಿವಿ ಕಾಯ್ದವು.

ಆಗಲೇ ಮಂಜಿನಿಂದ ಒಬ್ಬ ಮನುಷ್ಯ ಬಂದ. ಕುತ್ತಿಗೆಗೆ ಕಂಬಳಿ, ಸೊಂಟಕ್ಕೆ ಕುಡುಗೋಲು. ಕೆಳಗಿನ ಗದ್ದೆಗಳ ಕೊಯ್ಲಿಗೆ ಹೊರಟ ಆಳು. ಹೆಸರು ಕೇಳಲಿಲ್ಲ. ಅದನ್ನೂ ನನ್ನ ತಪ್ಪಿನ ಜೊತೆಗೇ ಸೇರಿಸಿಕೊಳ್ಳಿ. ಅವನನ್ನು ಪಕ್ಕಕ್ಕೆ ಕರೆದು ಪಂಚೆ ಕೊಟ್ಟೆ.

"ಇದನ್ನ ಹೊದ್ದು ಬಸ್ಸಿನ ಮುಂದೆ ನಡಿ. ಇಳಿಜಾರು ಮುಗಿದ ಮೇಲೆ ಬಸ್ ಹತ್ತು, ಟಿಕೇಟು ಬೇಡ."

"ಸುಮ್ನೆ ನಡೆಯೋದಾ ಅಯ್ಯ?"

"ಸುಮ್ನೆ ನಡೆಯೋದು. ನೀನು ಹೋಗೋ ದಾರೀಲೇ ಹೋಗು."

'ಹೋಗೋ ದಾರೀಲೇ ಹೋಗು' ಎಂದೆ. ಈ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ತಿರುವಿನಲ್ಲಿ ನಿಲ್ಲಬೇಕು, ಕೈ ಎತ್ತಬೇಕು ಎಂಬುದನ್ನು ಹೇಳಲಿಲ್ಲ. ಮರೆತೆನೆಂದರೆ ಸುಳ್ಳಾಗುತ್ತದೆ. ಬೇಗ ಒಳಗೆ ಹೋಗಿ ಕೂರಬೇಕಿತ್ತು, ಅದಕ್ಕೆ ಹೇಳಲಿಲ್ಲ. ಬಸ್ಸಿನ ಬಾಗಿಲು ಹಿಂಬದಿಗೆ. ಚನ್ನವೀರಪ್ಪನವರು ಮುಂದೆ ಕೂತು ಗಾಜು ಒರೆಸುತ್ತಿದ್ದರು. ಮುಂದೆ ಬಿಳಿ ಬಟ್ಟೆ ಕಂಡಿತು, ಬಸ್ಸು ಬಿಟ್ಟರು. ನಾನು ಸೋದರಮಾವನ ಪಕ್ಕ ಕೂತು, ಹೈಸ್ಕೂಲಿನಲ್ಲಿ ಓದಿದ ವಿಷಯ ಹೇಳುತ್ತಿದ್ದೆ.

ಈ ಬೆಟ್ಟಸೀಮೆಯಲ್ಲಿ ನಡೆದು ಓಡಾಡುವವರು ಯಾರೂ ರಸ್ತೆಯ ತಿರುವು ಸುತ್ತುವುದಿಲ್ಲ. ರಸ್ತೆ ಗುಡ್ಡವನ್ನು ಬಳಸಿ ಎಡಕ್ಕೆ ತಿರುಗಿದರೆ, ಕಾಲುದಾರಿ ನೆಟ್ಟಗೆ ಕೆಳಕ್ಕೆ ಇಳಿದು ಮುಂದೆ ಅದೇ ರಸ್ತೆಯನ್ನು ಸೇರುತ್ತದೆ. ಒಳದಾರಿ ಎನ್ನುತ್ತಾರೆ. ಅಂಥ ಒಳದಾರಿ ಪ್ರತಿ ತಿರುವಿಗೂ ಒಂದು ಇರುತ್ತದೆ. ಹುಟ್ಟಿದಾರಭ್ಯ ಹಾಗೆ ನಡೆದ ಆ ಮನುಷ್ಯ ತಾನು ಹೋಗುವ ದಾರಿಯಲ್ಲೇ ಹೋದ. ನಾನು ಹೇಳಿದ್ದೂ ಅದನ್ನೇ. ಬಿಳಿ ಪಂಚೆ ನೆಟ್ಟಗೆ ಹೋಯಿತು. ಚನ್ನವೀರಪ್ಪನವರ ಕಣ್ಣು ಆ ಬೆನ್ನಿನಲ್ಲಿತ್ತು. ಅವರೂ ನೆಟ್ಟಗೆ ಹೋದರು.

ಮುಂದಿನ ಚಕ್ರ ಅಂಚು ಬಿಟ್ಟಾಗ ಅವರು ಬ್ರೇಕು ತುಳಿದದ್ದು ನನಗೆ ಗೊತ್ತಾಯಿತು. ಇಬ್ಬನಿಗೆ ತೊಯ್ದ ತರಗೆಲೆಯ ಮೇಲೆ ಬಸ್ಸು ಜಾರಿ, ಮಗ್ಗುಲಾಗಿ ಒಂದು ದೊಡ್ಡ ಮರಕ್ಕೆ ಒರಗಿ ನಿಂತಿತು. ಆ ಮರವಿಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಹಿಂದಿನ ಡ್ರಮ್ಮಿನ ಬಾಯಿ ಕಿತ್ತು ಕೆಂಡವೆಲ್ಲ ಬಾಗಿಲ ಮುಂದೆ ಚೆಲ್ಲಿತು. ಒಳಗೆ ಹೊಗೆ, ಕಿರುಚಾಟ. ಚನ್ನವೀರಪ್ಪನವರು ಮುಂದಿನಿಂದ ಇಳಿದು ಸುತ್ತಿ ಬಂದು ಬಾಗಿಲಿಗೆ ಅಡ್ಡ ಬಿದ್ದಿದ್ದ, ಕೆಂಡಕ್ಕೆ ಕಾಯ್ದ ಡ್ರಮ್ಮಿನ ತಗಡನ್ನು ಬರಿಗೈಯಲ್ಲಿ ಹಿಡಿದು ಎಳೆದರು. ಒಬ್ಬೊಬ್ಬರನ್ನೇ ಹೊರಗೆ ಎಳೆದರು. ಒಬ್ಬ ಮುದುಕಿಯ ತೋಳು ಮುರಿದಿತ್ತು. ಅಡಿಕೆ ವ್ಯಾಪಾರಿಯ ಹಣೆ ಒಡೆದಿತ್ತು. ಯಾರೂ ಸಾಯಲಿಲ್ಲ.

ಕೊನೆಗೆ ಅವರ ಕೈ ನನ್ನ ರಟ್ಟೆ ಹಿಡಿಯಿತು. ಎಳೆದು ನಿಲ್ಲಿಸಿದ ಮೇಲೆ ನನ್ನ ಮುಖ ನೋಡಿದರು. ಮುಂದೆ ನಡೆಯುತ್ತಿರಬೇಕಾದವನು ಬಸ್ಸಿನ ಒಳಗಿಂದ ಬಂದಿದ್ದ. ಅವರು ರಸ್ತೆಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ನನ್ನ ಮೈಮೇಲೆ ಪಂಚೆ ಇರಲಿಲ್ಲ.

"ಪೆಟ್ಟಾಯ್ತಾ?" ಎಂದರು.

"ಇಲ್ಲ."

"ಹಂಗಾದ್ರೆ ಆ ಮುದ್ಕಮ್ಮನ್ನ ಎತ್ಕ."

ಅಷ್ಟೇ. ಕೊಯ್ಲಿನ ಆಳು ಕೆಳಗಿನಿಂದ ಓಡಿ ಬಂದು ಜನರನ್ನು ಹೊರಲು ಕೈ ಹಚ್ಚಿದ. ಆಮೇಲೆ ಪಂಚೆಯನ್ನು ಮಡಚಿ ಒಂದು ಕಲ್ಲಿನ ಮೇಲಿಟ್ಟು ಹೊರಟುಹೋದ. ಅವನಿಗೆ ಏನಾಯಿತೆಂದು ಅರ್ಥವಾಗಿತ್ತೋ ಇಲ್ಲವೋ ತಿಳಿಯದು.

ವಿಚಾರಣೆ ಕೊಪ್ಪದಲ್ಲಿ ನಡೆಯಿತು. ಬೇರೆ ಊರಿಂದ ಬಂದಿದ್ದ ಅಧಿಕಾರಿ, ಜಗಲಿಯ ಮೇಲೆ ಮೇಜು. ಚನ್ನವೀರಪ್ಪನವರ ಬಲಗೈಗೆ ಬಟ್ಟೆ ಸುತ್ತಿತ್ತು. ಡ್ರೈವರ್ ಎನ್ನುವುದು ಅವರಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಮೂರು ತಾಲ್ಲೂಕಿನಲ್ಲಿ "ಚನ್ನವೀರಪ್ಪ ಬಸ್ ಬಿಡ್ತಾನೆ ಅಂದ್ರೆ ಬಾಣಂತೀನೂ ಕೂರಿಸಿ ಕಳಿಸಬಹುದು" ಎಂಬ ಮಾತಿತ್ತು. ಆ ಮಾತು ಉಳಿಯುತ್ತದೋ ಹೋಗುತ್ತದೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು.

"ಹೇಗಾಯ್ತು?" ಎಂದರು ಅಧಿಕಾರಿ.

"ಬಿಳಿ ಬಟ್ಟೆ ಹೋದಲ್ಲಿಗೆ ಹೋದೆ ಸ್ವಾಮಿ."

"ಮಂಜು ದಟ್ಟವಾಗಿತ್ತೇ?"

"ಇತ್ತು. ಮಂಜು ಎಂತ ಮಾಡ್ತದೆ ಸ್ವಾಮಿ? ಅದು ದಿನಾ ಇರ್ತದೆ."

ಅಧಿಕಾರಿಗೆ ಅದು ಉಡಾಫೆಯಾಗಿ ಕೇಳಿಸಿತು. ನನ್ನನ್ನು ಕರೆದರು. "ನೀನು ಬಸ್ಸಿನ ಮುಂದೆ ಇದ್ದೆಯಾ?"

ಚನ್ನವೀರಪ್ಪನವರು ನನ್ನನ್ನು ನೋಡಲಿಲ್ಲ. ಎದುರಿನ ಗುಡ್ಡ ನೋಡುತ್ತಿದ್ದರು. ಬಸ್ಸಿನಲ್ಲಿದ್ದ ಬೇರೆ ಯಾರನ್ನೂ ಕರೆಸಿರಲಿಲ್ಲ; ಹಿಂದೆ ಊರ ಜನರ ನಡುವೆ ಸೋದರಮಾವ ಮಾತ್ರ ನಿಂತಿದ್ದರು. ನನ್ನ ಪಕ್ಕದಲ್ಲೇ ಕೂತಿದ್ದ ಮನುಷ್ಯ. ಅವರು ಒಂದು ಮಾತು ಆಡಿದ್ದರೆ ನನ್ನ ಸುಳ್ಳು ಅಲ್ಲೇ ಮುಗಿಯುತ್ತಿತ್ತು. ಅವರು ನಶ್ಯದ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

"ಇದ್ದೆ ಸ್ವಾಮಿ" ಎಂದೆ. "ತಿರುವಲ್ಲಿ ನಿಂತಿದ್ದೆ. ಕೈ ಎತ್ತಿದ್ದೆ. ಮಂಜು ತುಂಬ ಇತ್ತು. ಡ್ರೈವರಿಗೆ ಕಾಣಲಿಲ್ಲ ಅಂತ ತೋರ್ತದೆ."

'ಡ್ರೈವರಿಗೆ ಕಾಣಲಿಲ್ಲ.' ತಪ್ಪನ್ನು ಮಂಜಿನ ಮೇಲೆ ಹಾಕಿದೆನೆಂದು ನನಗೆ ನಾನೇ ಹೇಳಿಕೊಂಡೆ. ಯಾರ ಮೇಲೂ ಹಾಕಲಿಲ್ಲ, ಪಾಪದ ಮಂಜು, ಅದಕ್ಕೇನು ಕಷ್ಟ ಎಂದು. ಆದರೆ ಮಂಜಿನ ಲೈಸೆನ್ಸು ಯಾರೂ ಕಿತ್ತುಕೊಳ್ಳುವುದಿಲ್ಲ. ಕಾಣದಿದ್ದರೆ ನಿಲ್ಲಿಸಬೇಕಿತ್ತು ಎಂದರು ಅಧಿಕಾರಿ. ಚನ್ನವೀರಪ್ಪನವರ ಲೈಸೆನ್ಸು ಹೋಯಿತು. ಬಸ್ಸಿನ ಹತ್ತಿರ ಸುಳಿಯಬಾರದೆಂದು ಸಾಹುಕಾರರು ಹೇಳಿ ಕಳಿಸಿದರು.

ಜಗಲಿಯಿಂದ ಇಳಿಯುವಾಗ ಅವರು ನನ್ನ ಪಕ್ಕದಲ್ಲೇ ಹಾದರು. ಬೈಯುತ್ತಾರೆಂದು ಕಾದೆ. "ಪಂಚೆ ಒಗಿಸ್ಕ. ಮಸಿ ಹತ್ತಿದೆ" ಎಂದು ಹೋದರು.

ಬಸ್ಸನ್ನು ಎತ್ತುಗಳಿಂದ ಮೇಲೆಳೆಸಿ ರಿಪೇರಿ ಮಾಡಿಸಿದರು. ಬಯಲುಸೀಮೆಯಿಂದ ಹೊಸ ಡ್ರೈವರ್ ಬಂದ. ಒಳ್ಳೆಯವನೇ, ಆದರೆ ಮಂಜು ಕಂಡರೆ ದೇವರ ಹೆಸರು ಹೇಳುತ್ತಿದ್ದ. ಮಾರ್ಗಶಿರ ಹಿಡಿದು ಮಂಜು ಇನ್ನೂ ಗಟ್ಟಿಯಾಗಿ ಕೂರತೊಡಗಿತ್ತು. ಹೊಸ ಡ್ರೈವರಿನ ಜೊತೆ ಮೊದಲ ಸಲ ಆ ಇಳಿಜಾರಿಗೆ ಬಂದ ದಿನ ನಾನು ಪಂಚೆ ಹೊದ್ದು ಇಳಿದೆ. ಬಸ್ಸಿನ ಮುಂದೆ ನಿಂತಲ್ಲೇ ನಿಂತೆ. ಆಗ ಮುಂದೆ ಮಂಜಿನಲ್ಲಿ ಆಗಲೇ ಒಂದು ಬಿಳಿ ಬೆನ್ನು ಕಂಡಿತು.

"ಯಾರದು?" ಎಂದು ಡ್ರೈವರ್ ಕೂಗಿದ.

"ಯಾರಾದ್ರೇನು? ಹಿಂದೆ ಬನ್ನಿ."

ದನಿ ಗುರುತು ಸಿಕ್ಕಿತು. ಜನರಿಗೂ ಸಿಕ್ಕಿತು. ಕಿಟಕಿಗಳಿಂದ ತಲೆಗಳು ಹೊರಬಂದವು. ಡ್ರೈವರ್ ಗಾಬರಿಯಾಗಿ, "ನೀವು ಬಸ್ಸಿನ ಹತ್ರ ಬರ್ಬಾರ್ದು ಅಂತ ಸಾಹುಕಾರ್ರ ಆರ್ಡರ್ ಐತೆ!" ಎಂದ.

"ಹತ್ರ ಬಂದಿಲ್ವಲ್ಲ ಮಾರಾಯ. ಮುಂದೆ ಹೋಗ್ತಿದೀನಿ. ಬಸ್ ಬಿಡಕ್ಕೆ ಲೈಸೆನ್ಸ್ ಬೇಕು. ರಸ್ತೇಲಿ ನಡೆಯಕ್ಕೆ ಯಾವನ ಲೈಸೆನ್ಸೂ ಬೇಡ."

ಬಸ್ಸಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಹಣೆಗೆ ಪಟ್ಟಿ ಕಟ್ಟಿದ್ದ ಅಡಿಕೆ ವ್ಯಾಪಾರಿ, "ನಡೀರಿ ಚನ್ನವೀರಪ್ನೋರೇ, ನಿಮ್ಮ ಹಿಂದೆ ನಾವು ಹಳ್ಳಕ್ಕೂ ಬರ್ತೀವಿ, ಒಂದ್ಸಲ ಬಂದೂ ಆಗಿದೆ!" ಎಂದ. ಅವರು ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಒಳದಾರಿಯ ಬಾಯಿಗೆ ಅಡ್ಡಲಾಗಿ ಹೋಗಿ ನಿಂತರು, ಎಡಗೈ ಎತ್ತಿದರು. ಬಸ್ಸು ಪೂರಾ ತಿರುಗುವ ತನಕ ಅಲ್ಲಾಡಲಿಲ್ಲ. ಇಳಿಜಾರು ಮುಗಿದ ಮೇಲೆ ಪಕ್ಕಕ್ಕೆ ಸರಿದು ಮಂಜಿನಲ್ಲಿ ಹೋದರು.

ಮರುದಿನವೂ ಬಂದರು. ಅದರ ಮರುದಿನವೂ. ಯಾರ ಸಂಬಳವೂ ಇಲ್ಲ. ಸಾಹುಕಾರರು ಆಳು ಕಳಿಸಿ ಹೆದರಿಸಿದರು. ಒಬ್ಬ ಪೇದೆ ಬಂದು ಅವರನ್ನು ಪಕ್ಕಕ್ಕೆ ತಳ್ಳಲು ನೋಡಿದ. ತಳ್ಳುವವನಿಗೆ ತಾನು ನಿಂತ ಜಾಗ ರಸ್ತೆಯೋ ಅಂಚೋ ತಿಳಿಯದೆ ಚನ್ನವೀರಪ್ಪನವರ ತೋಳನ್ನೇ ಹಿಡಿದುಕೊಂಡ. "ಬನ್ನಿ ದಫೇದಾರ್ರೆ, ನಿಮ್ನೂ ದಾಟಿಸ್ತೀನಿ" ಎಂದು ಇವರು ಅವನನ್ನೂ ಕೈಹಿಡಿದು ಕೆಳಗಿಳಿಸಿದರು. ಆಮೇಲೆ ಯಾರೂ ತಡೆಯಲು ಹೋಗಲಿಲ್ಲ. ಆ ಚಳಿಗಾಲ ಮುಗಿಯುವ ತನಕ, ಮೂಡುಗಾಳಿ ಒಣಗಿ ಮಂಜು ಕೂರುವುದು ಬಿಡುವ ತನಕ, ಲೈಸೆನ್ಸಿಲ್ಲದ ಡ್ರೈವರೊಬ್ಬ ಬರಿಗಾಲಲ್ಲಿ ನಮ್ಮ ಬಸ್ಸನ್ನು ನಡೆಸಿದ. ಟಿಕೆಟ್ಟಿನ ಚೀಲ ಹಾಕಿಕೊಂಡು ನಾನು ಒಳಗೆ ಕೂತಿದ್ದೆ.

ಒಂದು ಬೆಳಿಗ್ಗೆ ತಡೆಯಲಾರದೆ ಇಳಿದು ಅವರ ಪಕ್ಕ ನಡೆದೆ. ಹುಲ್ಲಿನ ತುದಿಗೆಲ್ಲ ಜೇಡರ ಬಲೆ, ಬಲೆಗೆಲ್ಲ ನೀರು. ಅವರ ಬಲಗೈ ಬೆರಳುಗಳು ಮಡಚಿಕೊಂಡೇ ಇದ್ದವು, ಪೂರಾ ಬಿಚ್ಚುತ್ತಿರಲಿಲ್ಲ.

"ಚನ್ನವೀರಣ್ಣ, ನಾ ಹೇಳಿಬಿಡ್ತೀನಿ."

"ಯಾರಿಗೆ?"

"ಕಚೇರಿಗೆ. ಎಲ್ರಿಗೂ."

"ಹೇಳು."

"ನೀವು ಹೇಳು ಅಂದ್ರೆ..."

ಅವರು ನಿಲ್ಲಲಿಲ್ಲ. ಹಿಂದೆ ಬಸ್ಸು ಬರುತ್ತಿತ್ತಲ್ಲ, ನಿಲ್ಲುವ ಹಾಗಿರಲಿಲ್ಲ. "ನನ್ನನ್ಯಾಕೆ ಕೇಳ್ತಿ ಮಾಣಿ? ನಿನ್ನ ಬಾಯಿಗೆ ನಾ ಡ್ರೈವರ್ ಅಲ್ಲ" ಎಂದರು.

ಹೇಳಲಿಲ್ಲ. ಮಾಘಕ್ಕೆ ಮದುವೆ ಗೊತ್ತಾಗಿತ್ತು. ಸೋದರಮಾವ ಎಲ್ಲ ಕಡೆ ಓಡಾಡಿ ಮುಂದೆ ನಿಂತು ಮಾಡಿಸಿದರು. ನನ್ನ ಹೆಂಡತಿ ಒಳ್ಳೆಯವಳು, ಅವಳ ಮೇಲೆ ಇದನ್ನು ಹಾಕುವುದಿಲ್ಲ. ಸೋದರಮಾವನ ಮೇಲೂ ಹಾಕುವುದಿಲ್ಲ. ಕುಡುಗೋಲಿನ ಮನುಷ್ಯ ನಾನು ಹೇಳಿದಷ್ಟು ಮಾಡಿದ. ಯುದ್ಧದ ಮೇಲೆ, ಇದ್ದಿಲಿನ ಮೇಲೆ, ಸಾಹುಕಾರರ ಆತುರದ ಮೇಲೆ ಹಾಕಬಹುದಿತ್ತು, ನನ್ನ ವಯಸ್ಸಿನ ಮೇಲೂ ಹಾಕಬಹುದಿತ್ತು. ಇಷ್ಟು ವರ್ಷ ಇವೆಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದ್ದೇನೆ. ಯಾವುದೂ ನಿಲ್ಲುವುದಿಲ್ಲ. ಮರುವರ್ಷ ನಾನು ಬಸ್ಸು ಬಿಟ್ಟು ಶಿವಮೊಗ್ಗದ ಕಡೆ ಗುಮಾಸ್ತಿಕೆಗೆ ಹೋದೆ. ಚನ್ನವೀರಪ್ಪನವರು ಬಾಳೆಹೊನ್ನೂರಿನಲ್ಲಿ ಕಾಫಿ ಮೂಟೆ ಹೇರುವ ಎತ್ತಿನಗಾಡಿ ಹೊಡೆದುಕೊಂಡಿದ್ದು ತೀರಿಕೊಂಡರೆಂದು ಬಹಳ ತಡವಾಗಿ ಕೇಳಿದೆ. ಕೇಳಿದ ಮೇಲೂ ಹೋಗಲಿಲ್ಲ.

ಇನ್ನು ಈ ವರ್ಷದ ಮಾತು. ದೀಪಾವಳಿ ಕಳೆದು ಮಂಜು ಕೂರತೊಡಗಿದ ಮೇಲೆ, ತಮ್ಮನ ಮಗನಿಗೆ ಹೇಳದೆ ಬೆಳಗಿನ ಬಸ್ಸು ಹತ್ತಿದೆ. ಒಗೆದ ಬಿಳಿ ಪಂಚೆ ಹೊದ್ದುಕೊಂಡಿದ್ದೆ. ಅದೇ ಕಂಡಕ್ಟರ್ ಹುಡುಗ. ಇಳಿಜಾರಿನಲ್ಲಿ ಮಂಜು ಬಂತು, ಬಸ್ಸು ಹಳದಿ ಲೈಟು ಹಾಕಿ ನಿಧಾನವಾಯಿತು. ನಾನು ಎದ್ದು ನಿಂತೆ.

"ತಿರುವಿನ ಮುಂಚೆ ನಿಲ್ಸು."

"ಅಜ್ಜ, ಅಲ್ಲಿ ಮನೆನೂ ಇಲ್ಲ, ಮಠನೂ ಇಲ್ಲ. ಎಂತ ಮಾಡ್ತೀರಿ ಇಳಿದು?"

"ಹೋದ ವರ್ಷ ನೀನು ನಂಗೆ ಒಂದು ಕಥೆ ಹೇಳಿದ್ದೆ. ಅದು ಸುಳ್ಳು" ಎಂದೆ. ಹಿಂದಿನ ಸೀಟಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. "ಇಲ್ಲಿ ಬಸ್ಸು ಬೀಳಿಸಿದ್ದು ಮಂಜಲ್ಲ, ಡ್ರೈವರೂ ಅಲ್ಲ. ಡ್ರೈವರ್ 'ಬಾಳೆಹೊನ್ನೂರು ಕಡೆಯ ಚನ್ನವೀರಪ್ಪ' ಅಂತ. ಅವರ ಕಣ್ಣು ಸರಿ ಇತ್ತು. ಮುಂದೆ ನಡೀಬೇಕಾದ ಕಂಡಕ್ಟರ್ ನಾಚಿಕೆ ಪಟ್ಕೊಂಡು ಒಳಗೆ ಕೂತಿದ್ದ. ಆಮೇಲೆ ಕಚೇರೀಲಿ ಸುಳ್ಳು ಹೇಳಿದ. ಆ ಕಂಡಕ್ಟರ್ ನಾನು."

ಒಬ್ಬರು "ಪಾಪ, ವಯಸ್ಸಾಗಿದೆ" ಎಂದರು. ಇನ್ನೊಬ್ಬ ನಕ್ಕ. ನಗಲಿ. ಒಂದು ನಗೆಗೆ ಹೆದರಿ ಕೆಟ್ಟವನು ನಾನು, ಇನ್ನೊಂದಕ್ಕೆ ಹೆದರುವುದಿಲ್ಲ. ಹುಡುಗ ಮಾತ್ರ ನಗಲಿಲ್ಲ. ಬಾಗಿಲು ತೆಗೆದು ಕೈಹಿಡಿದು ಇಳಿಸಿದ.

ಒಳದಾರಿಯ ಬಾಯಿ ಪೊದೆ ಬೆಳೆದು ಮುಚ್ಚಿಹೋಗಿತ್ತು. ಕಾಲಿಗೆ ಗೊತ್ತಿತ್ತು. ಅದಕ್ಕೆ ಅಡ್ಡಲಾಗಿ, ರಸ್ತೆಯ ಹೊರ ಅಂಚಿನಲ್ಲಿ ಬೆನ್ನು ತೋರಿಸಿ ನಿಂತು ಎಡಗೈ ಎತ್ತಿದೆ. ಹಿಂದಿನಿಂದ ಹಳದಿ ಬೆಳಕು ಬಂತು, ಎಂಜಿನ್ನಿನ ಸದ್ದು ಹತ್ತಿರವಾಯಿತು. ಕೈ ಇಳಿಸಲಿಲ್ಲ. ಬಸ್ಸು ಎಡಕ್ಕೆ ಹೊರಳಿ, ಪೂರಾ ತಿರುಗಿ, ಸ್ವಲ್ಪ ಮುಂದೆ ಹೋಗಿ ನಿಂತಿತು. ಹುಡುಗ ಬಾಗಿಲಲ್ಲಿ ಜೋತುಬಿದ್ದು ಕೂಗಿದ.

"ಹತ್ತಿ ಅಜ್ಜ! ಕಾಯ್ತೀವಿ."

"ನೀವು ಹೋಗಿ ಮಾರಾಯ. ನಾ ನಡ್ಕಂಡು ಬತ್ತೆ."

"ಈ ಮಂಜಲ್ಲಾ?"

"ಮಂಜು ಎಂತ ಮಾಡ್ತದೆ?" ಎಂದೆ.